ಹತ್ತು ರೂಪಾಯಿಯ ಉಸಿರು

ಕೊಳ್ಳೇಗಾಲ, ಹಾಸ್ಟೆಲ್ಲು
ಮಂಗಳವಾರ, ೧೮ ನವೆಂಬರ್ ೨೦೨೫

ಅಕ್ಕಾ,

ಯಳಂದೂರಿನಲ್ಲಿ ನೀನು, ಭಾವ, ಪಾಪು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಾನು ಚೆನ್ನಾಗಿಲ್ಲ. ನಿನ್ನ ಫೋನು ಸದಾ ಭಾವನ ಜೇಬಿನಲ್ಲಿರುತ್ತದೆ, ಅದಕ್ಕೇ ಈ ಕಾಗದ. ಎರಡು ದಿನದಿಂದ ಬರೆದು ಬರೆದು ಹರಿದುಹಾಕಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಲೊಕ್ಕನಹಳ್ಳಿಯಲ್ಲಿ ಆನೆ ಯಾರೋ ಒಬ್ಬ ಹೆಂಗಸಿನ ಮನೆ ಕೆಡವಿದೆಯಂತೆ, ಚಾವಣಿಗೆ ಶೀಟು ಕೊಡಿಸೋಣ ಅಂತ ಶಾಂತಮೂರ್ತಿ ಮೇಷ್ಟ್ರು ನಮ್ಮ ಕಬಡ್ಡಿ ತಂಡಕ್ಕೆ ಹೇಳಿದರು. ಹೆಸರು ಅವರಿಗೂ ಗೊತ್ತಿರಲಿಲ್ಲ. ನಮ್ಮೂರಲ್ಲವಾ ಅಂತ ಅವ್ವನಿಗೆ ಫೋನ್ ಮಾಡಿದೆ. "ಯಾರ್ದೋ ಬಿದ್ದದಂತೆ ಕಣವ್ವ, ನೀ ಆಟ ನೋಡ್ಕೊ" ಅಂದಳು. ನಾನೊಬ್ಬಳು ಪೆದ್ದಿ, ನಂಬಿದೆ.

ದುಡ್ಡೆತ್ತುವ ಉಪಾಯ ಕ್ಯಾಪ್ಟನ್ ಶಿವರಂಜನಿಯದು. ಹನೂರು ಸಂತೆಯಲ್ಲಿ ನಾನು ಒಂದೇ ಉಸಿರಿಗೆ ಎಷ್ಟು ಸೆಕೆಂಡು ಕಬಡ್ಡಿ ಕಬಡ್ಡಿ ಅನ್ನುತ್ತೇನೋ, ಪಂದ್ಯ ಕಟ್ಟಿದವರು ಅಷ್ಟು ರೂಪಾಯಿ ಡಬ್ಬಿಗೆ ಹಾಕಬೇಕು. ಬೋಂಡದಂಗಡಿ ಪುಟ್ಟಬಸಪ್ಪ "ಈ ಕಡ್ಡಿ ಐದೂ ಎಳೆಯಕಿಲ್ಲ ಕಣ್ರಿ" ಅಂತ ನಕ್ಕ. ನಲವತ್ತೊಂದು ಎಳೆದೆ! ಮುಖ ಹುಳ್ಳಗೆ ಮಾಡಿಕೊಂಡು ಕೊಟ್ಟ. ನನ್ನ ಕಾಲು ನೆಲದ ಮೇಲೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಶೀಟು ತುಂಬಿಕೊಂಡು ಹೊರಟೆವು. ಟೆಂಪೋ ನಮ್ಮ ಬೀದಿಗೇ ತಿರುಗಿತು. ನಮ್ಮ ಮನೆ ಮುಂದೆಯೇ ನಿಂತಿತು. ಅಕ್ಕಾ, ಮನೆಯೇ ಇಲ್ಲ! ಹಿಂದಿನ ಗೋಡೆ ಒಂದು ಉಳಿದಿದೆ, ಅದರ ಮೇಲೆ ನಿನ್ನ ಮದುವೆ ಫೋಟೋ ನೇತಾಡುತ್ತಿದೆ. ಅವ್ವ ಪಕ್ಕದ ಪುಟ್ಟಮಾದಪ್ಪನ ಕೊಟ್ಟಿಗೆಯಿಂದ ಹೊರಗೆ ಬಂದಳು. ನಾನು ಟೆಂಪೋದಿಂದ ಎಲ್ಲರಿಗಿಂತ ಕೊನೆಗೆ ಇಳಿದೆ.

ಈಗ ಹೇಳುವುದಕ್ಕೆ ನನ್ನ ಕೆನ್ನೆಗೆ ಬಾರಿಸಬೇಕು ಅನ್ನಿಸಿದರೆ ಬಾರಿಸು. ನಮ್ಮದು ಹನೂರಿನಲ್ಲಿ ತಾರಸಿ ಮನೆ ಅಂತ ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಬುರುಡೆ ಬಿಟ್ಟಿದ್ದೆ. ಅವ್ವ ನನ್ನ ಮುಖ ನೋಡಿದಳು, ನನ್ನ ಜೊತೆಯವರ ಮುಖ ನೋಡಿದಳು. ಅಷ್ಟಕ್ಕೇ ಅವಳಿಗೆ ತಿಳಿದುಹೋಯಿತು. ಏನೋ ಹೇಳಲು ಬಾಯಿ ತೆರೆದ ಪುಟ್ಟಮಾದಪ್ಪನನ್ನು ಕಣ್ಣಲ್ಲೇ ಗದರಿಸಿ, "ಯಾವೂರವ್ವ ನಿಮ್ದು?" ಅಂತ ನನ್ನನ್ನೇ ಕೇಳಿದಳು. "ಹನೂರು" ಅಂದೆ. ಹೆತ್ತವಳಿಗೆ ಹಾಗಂದೆ, ಅಕ್ಕಾ. ಶೀಟು ಇಳಿಸಿ, ಬೇರೆಯವರ ಹಾಗೆ ಅವ್ವನ ಪಕ್ಕದಲ್ಲಿ ನಿಂತು ಫೋಟೋನೂ ತೆಗೆಸಿಕೊಂಡೆ.

ದುಡ್ಡು ಸೇರಿಸಿದ ಬಗೆಯನ್ನು ಶಿವರಂಜನಿ ಹೇಳಿದ್ದೇ ತಡ, ಅವ್ವ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಡಬ್ಬಿಗೆ ಹಾಕಿದಳು. "ಉಸ್ರು ಕಟ್ಟೋಳು ಯಾರವ್ವ? ನಂಗೂ ಒಂದ್ಸಲ ಕೇಳುಸ್ಲಿ." ನನ್ನ ಆಟವನ್ನು ಅವಳು ಒಂದು ದಿನವೂ ಕಂಡವಳಲ್ಲ. ಹುಡುಗಿಯರು ನನ್ನನ್ನು ಮುಂದಕ್ಕೆ ತಳ್ಳಿದರು. ಮೂರು ಸಲ ಕಬಡ್ಡಿ ಅಂದೆ. ಗಂಟಲು ಒಣಗಿ ನಿಂತುಹೋಯಿತು. ಇಷ್ಟೇ ನಡೆದದ್ದು.

ನಿನ್ನ ಪಾಪಿ ತಂಗಿ,
ಯಶೋದ

ಮರೆತ ಮಾತು: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಗಂಟಲು ಒಣಗಿತು ಅಂದದ್ದು ಸುಳ್ಳು, ಮರೆತೆ ಅನ್ನುವುದೂ ಸುಳ್ಳು. ನಾಲ್ಕನೆಯ ಸಲ ನನ್ನ ಬಾಯಿಂದ ಬಂದದ್ದು "ಅವ್ವಾ" ಅಂತ. ಎಲ್ಲರಿಗೂ ಕೇಳಿಸಿತು. ಬರುವ ಭಾನುವಾರ ತಂಡವೆಲ್ಲ ಗೋಡೆ ಎತ್ತಲು ಬರುತ್ತಿದೆ, ನೀನೂ ಬಾ. ಮೊನ್ನೆ ಹೊರಡುವಾಗ ಶಿವರಂಜನಿ ಆ ಹತ್ತು ರೂಪಾಯಿಯನ್ನು ವಾಪಸು ಕೊಡಲು ಹೋದಳು. ಅವ್ವ ತೆಗೆದುಕೊಳ್ಳಲಿಲ್ಲ. "ಇರ್ಲಿ ಬುಡವ್ವ" ಅಂದಳು, "ಕೊಟ್ಟ ಕಾಸ್ಗೆ ಕೇಳ್ಬೇಕಾದ್ದ ಕೇಳ್ದೆ."