ಕೊನೆಯ ಸಾಲಿಗೂ ಕೇಳಿದ ಮಾತು

ಅಕ್ಟೋಬರ್ 4, ಬೆಳಿಗ್ಗೆ

ಮತ್ತೆ ಕ್ಲಾಸ್. ಇಸ್ಪೀಟ್ ಎಲೆ ಹಂಚುವುದು ಕಲಿತಾಯಿತು, ಈಗ ಕಾನೂನು. ಕುಡಿದವನನ್ನು ಆಡಿಸಬಾರದು. ಆಟಗಾರನ ಕೈ ಕುಲುಕಬಾರದು. ನೆಂಟ ಮೇಜಿಗೆ ಬಂದರೆ ಆಟ ನಿಲ್ಲಿಸಿ, ಸೂಪರ್‌ವೈಸರ್‌ಗೆ ತಿಳಿಸಿ, ಹಿಂದೆ ಸರಿಯಬೇಕು. ತಪ್ಪಿಲ್ಲದೆ ಪಾಲಿಸಿದರೆ ಲೈಸೆನ್ಸ್. ಇಲ್ಲದಿದ್ದರೆ ನಮ್ಮೂರು ಕಪ್ಶಗಾಯ್‌ನ ಯಾವ ಕ್ಯಾಸಿನೊದಲ್ಲೂ ಕೆಲಸವಿಲ್ಲ!

ನಿಯಮಗಳನ್ನೆಲ್ಲ ಬಾಯಿಪಾಠ ಒಪ್ಪಿಸಿದೆ. ಕಿಟಕಿ ಗಾಜು ನಡುಗಿತು.

"ತುರಾರ್, ಇದು ನಿನ್ನ ನಾಟಕದ ಕಂಪನಿ ಅಲ್ಲಪ್ಪಾ," ಎಂದರು ಪಾಠ ಹೇಳುವ ರೌಶನ್ ಮೇಡಂ. "ಸೂಪರ್‌ವೈಸರ್ ನಿನ್ನ ಬೆನ್ನ ಹಿಂದೇನೇ ಇರ್ತಾನೆ. ಪಾಪ, ಅವನ ಕಿವಿ ಉಳಿಸು."

ಎಲ್ಲರೂ ನಕ್ಕರು. ಏನು ಮಾಡಲಿ? ಈ ಗಂಟಲು ಅಬ್ಜಾಲ್ ಮಾವ ಕೊಟ್ಟದ್ದು. ಅಮ್ಮ ಹೋದ ಮೇಲೆ ಸಾಕಿದವರು. ಎಳೆದೊಯ್ದು ರಂಗದ ಮೇಲೆ ನಿಲ್ಲಿಸಿದವರು. "ಕೊನೇ ಸಾಲಿನ ಮುದುಕೀಗೂ ಕೇಳ್ಬೇಕು ಕಣೋ!" ಥಿಯೇಟರ್ ಮುಚ್ಚಿತು. ಗಂಟಲು ಉಳಿಯಿತು.

ಅಕ್ಟೋಬರ್ 12

ಮಾವನ ಮನೆಯಲ್ಲಿ ಊಟ. ಮೀನು. ಶನಿವಾರ ಬಂದರೆ ಮಾವ ಗಾಳ ಹೊತ್ತು ಕೆರೆಗೆ ಹೋಗುತ್ತಾರೆ.

"ನಿಮ್ಮಾವನ ಪುಣ್ಯ ನೋಡು," ಕುಲ್ಯಾಶ್ ಅತ್ತೆ ಅಂದರು. "ಮೀನು ತಾನೇ ಹೊಟ್ಟೆ ಸೀಳಿ ಕ್ಲೀನ್ ಮಾಡ್ಕೊಂಡು ಗಾಳಕ್ಕೆ ಬೀಳುತ್ತೆ!"

ಮಾವ ಗಹಗಹಿಸಿ ನಕ್ಕರು. ರಂಗದ ಮೇಲೆ ಖಾನ್ ದೊರೆಯ ಪಾತ್ರದಲ್ಲಿ ನಗುತ್ತಿದ್ದ ಹಾಗೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು...

ನವೆಂಬರ್ 1, ಶನಿವಾರ ಸಂಜೆ

ಪರೀಕ್ಷೆ. ನಿಜವಾದ ಮೇಜು, ನಿಜವಾದ ಆಟಗಾರರು. ಎದುರಿನ ಕುರ್ಚಿ ಎಳೆದು ಯಾರೋ ಕೂತರು. ತಲೆ ಎತ್ತಿದೆ — ಅಬ್ಜಾಲ್ ಮಾವ! ಕಾಲಲ್ಲಿ ಮೀನು ಹಿಡಿಯುವ ಬೂಟು!

ಹಿರಿಯರು. ಕೈ ಹಿಡಿದು ಸಲಾಂ ಹೇಳಲು ಎರಡೂ ಕೈ ತಾವಾಗಿ ಮುಂದೆ ಹೋದವು. ಕಾನೂನು ನೆನಪಾಗಿ ಎಳೆದುಕೊಂಡೆ.

ಮಾವ ನನ್ನನ್ನೇ ನೋಡಿದರು. ಹುಬ್ಬು ಸಣ್ಣಗೆ ಮೇಲೆದ್ದಿತು. ರಂಗದಲ್ಲಿ ಅವರಿಗೆ ಮಾತು ಮರೆತಾಗ ಇದೇ ನೋಟ — ಮಾತು ಎತ್ತಿಕೊಡೋ ತುರಾರ್. ಇಷ್ಟು ವರ್ಷ ಎತ್ತಿಕೊಟ್ಟಿದ್ದೇನೆ. ಇವತ್ತೂ ಎತ್ತಿಕೊಟ್ಟೆ.

"ಸರ್! ಇವರು ನನ್ನ ಸೋದರಮಾವ ಅಬ್ಜಾಲ್! ಆಟ ನಿಲ್ಲಿಸಿದ್ದೇನೆ!"

ಹಾಲ್ ತುಂಬ ತಲೆಗಳು ಇತ್ತ ತಿರುಗಿದವು. ಪಿಸುಮಾತಿನಲ್ಲಿ ಹೇಳಿದ್ದರೂ ಸಾಕಿತ್ತು. ಆ ಹುಬ್ಬು ಈ ಸಲ ಬೇಡುತ್ತಿತ್ತು — ಬೇಡ ಕಣೋ, ಬೇಡ... ಬಾಯಿ ಮುಚ್ಚಿದ ಮೇಲೆ ಅರ್ಥವಾಯಿತು.

"ಅರೆ, ಖಾನ್ ಪಾರ್ಟಿನ ಅಬ್ಜಾಲ್ ಅಲ್ವೇನ್ರೋ?" ಪಕ್ಕದ ಮೇಜಿನಿಂದ ಯಾರೋ.

"ಏನ್ ಖಾನ್ರೇ, ಕುದುರೇನೂ ಪಣಕ್ಕಿಟ್ರಾ?"

ನಗು. ಮಾವ ಎದ್ದರು. ಬೆನ್ನು ನೆಟ್ಟಗೆ, ಖಾನ್‌ನಂತೆಯೇ ನಡೆದರು. ಬಾಗಿಲಲ್ಲಿ ಮುಗ್ಗರಿಸಿದರು.

ನವೆಂಬರ್ 2

ಪಾಸ್.

"ಎಲ್ಲಾ ಕಾನೂನಿನ ಪ್ರಕಾರಾನೇ ಮಾಡಿದೀಯ," ಎಂದರು ಮೇಡಂ. "ಅಷ್ಟು ಕೂಗ್ಬೇಕಿತ್ತೇನೋ?"

ನವೆಂಬರ್ 9

ಮಾವ ಫೋನ್ ಎತ್ತುತ್ತಿಲ್ಲ. ಬಜಾರಿನಲ್ಲಿ ಮೀನು ಮಾರುವವಳು ತಡೆದು ಕೇಳಿದಳು: "ಏನೋ ತುರಾರ್, ನಿಮ್ಮಾವ ಈ ಶನಿವಾರ ಮೀನು ಹಿಡಿಯೋಕೆ ನನ್ ಅಂಗಡಿಗೆ ಬರ್ಲೇ ಇಲ್ಲ?"

ಪಕ್ಕದ ಅಂಗಡಿಯವರೆಲ್ಲ ನಕ್ಕರು. ಗಾಳದ ಗುಟ್ಟು ಊರಿಗೇ ಗೊತ್ತಾಗಿದೆ.

ನವೆಂಬರ್ 30

ತಡೆಯಲಾಗಲಿಲ್ಲ. ಮಾವನ ಮನೆಗೆ ಹೋದೆ.

ಮಾವ ಮೂಲೆಯಲ್ಲಿ ಕೂತಿದ್ದರು. ಗಡ್ಡ ಬಂದಿದೆ. ಕ್ಷಮೆ ಕೇಳಿದೆ.

"ಬಯ್ಯೋದಾದ್ರೆ ಬಯ್ದುಬಿಡ್ರಿ ಅವನಿಗೆ," ಅತ್ತೆ ಅತ್ತರು. "ಹಿಂಗೆ ಕಲ್ಲಾಗಿ ಕೂತ್ಕೋಬೇಡಿ."

ಸೋದರಳಿಯನ ಮೇಲೆ ಕೈ ಎತ್ತುವ ಹಾಗಿಲ್ಲ ನಮ್ಮಲ್ಲಿ. ಎತ್ತಿದ್ದರೆ ಎಷ್ಟು ಹಗುರವಾಗುತ್ತಿತ್ತು!

ಮಾವ ಕೆಟಲ್ ತೆಗೆದುಕೊಂಡರು. ಯಾವತ್ತೂ ಅತ್ತೆಯೇ ಚಹಾ ಸುರಿಯುವುದು — ಬಟ್ಟಲಿಗೆ ಅರ್ಧಕ್ಕಿಂತ ಕಡಿಮೆ, ಇನ್ನೂ ಕೂತಿರು, ಮತ್ತೆ ಕೊಡುತ್ತೇನೆ ಎಂಬಂತೆ. ಇವತ್ತು ಮಾವ ತಮ್ಮ ಕೈಯಾರೆ ಸುರಿದರು. ಅರ್ಧ ದಾಟಿತು. ಅಂಚು ಮುಟ್ಟಿತು. ಇಷ್ಟು ಕುಡಿದು ಎದ್ದು ಹೋಗು ಎಂದು ಅಪರಿಚಿತನಿಗೆ ಸುರಿಯುವ ಚಹಾ.

ಅತ್ತೆ ಮುಖ ಮುಚ್ಚಿಕೊಂಡರು.

ಹೀರಿದೆ. ಮೆಲ್ಲಗೆ. ಮುಗಿದರೆ ಏಳಬೇಕಲ್ಲ... ತಳ ಕಂಡಿತು. ಎದ್ದೆ. ಅತ್ತೆ ಕೋಟು ತಂದು, ಚಿಕ್ಕವನಿಗೆ ಹಾಕುವಂತೆ ಗುಂಡಿ ಹಾಕಿದರು. ಮಾವ ಮಾತ್ರ ನನ್ನತ್ತ ಹುಬ್ಬೂ ಎತ್ತಲಿಲ್ಲ.