ಸೀಟಿನ ಹಿಂದೆ ಬಿದ್ದ ಏಟು

ಮಾರ್ಚ್ 3, ಸಂಜೆ

ಕಂಪ್ಯೂಟರಲ್ಲಿ ಮಾಡ್ತಿರೋ ವಿಮಾನದ ರೆಕ್ಕೆಯ ರಿವೆಟ್ ಸಾಲು, ತಗಡು ಕೂಡಿಸೋ ಮೊಳೆ ಸಾಲು, ಮತ್ತೆ ಕಿತ್ತು ಹಾಕಿದೆ. ರಿವೆಟ್ ತಾತನ ಮೆಸೇಜ್ ಬಂದಿತ್ತು — ರೆಕ್ಕೆಯ ಮುಂಭಾಗದಲ್ಲಿ ರಿವೆಟ್ ತಲೆ ತಗಡಿನ ಮಟ್ಟಕ್ಕೇ ಇರಬೇಕು, ಹಿಂದೆ ಮಾತ್ರ ಉಬ್ಬಿರಬೇಕು, ನೀನು ಎಲ್ಲಾ ಕಡೆ ಉಬ್ಬಿಸಿದ್ದೀಯ, ಇದು ವಿಮಾನವೋ ಮೊಡವೆ ಮುಖವೋ ಅಂತ. ಮುದುಕನ ಹಲ್ಲು ಉದುರಿಸಬೇಕು ಅನ್ನಿಸಿತು. ನಿಜವಾದ ವಿಮಾನದ ಹಳೇ ಫೋಟೋ ದೊಡ್ಡದು ಮಾಡಿ ನೋಡಿದೆ. ಮುದುಕ ಹೇಳಿದ್ದು ಸರಿ. ಇನ್ನೂ ಸಿಟ್ಟು ಬಂತು.

ತಾತ ಅನ್ನೋದು ನಾನಿಟ್ಟ ಹೆಸರು. ನೆಟ್ಟಲ್ಲಿ ಸಿಕ್ಕವನು, ಯಾವ ದೇಶದವನೋ, ಮುಖ ನೋಡಿಲ್ಲ. ಅವನು ಇಂಗ್ಲಿಷಲ್ಲಿ ಬರೀತಾನೆ, ನಾನು ಅರ್ಧ ಅರ್ಥ ಮಾಡ್ಕೊಂಡು ಪೂರ್ತಿ ಬೈತೀನಿ. ಯುದ್ಧವಿಮಾನದ ಗೇಮು ನಮ್ಮದು. ಗೇಮಿನವರು ಕೊಡದ ವಿಮಾನಗಳನ್ನ ನಮ್ಮಂಥವರು ಮಾಡಿ ಸೇರಿಸ್ತೀವಿ. ಮಾಡ್ ಅಂತಾರೆ. ನಿಜವಾದ ಯುದ್ಧದಲ್ಲಿ ಹೇಗಿತ್ತೋ ಹಾಗೇ ಇರಬೇಕು — ಬಣ್ಣ, ಮೀಟರಿನ ಮುಳ್ಳು, ಗುಂಡು ಬಿದ್ದರೆ ಎಲ್ಲಿ ಹರಿಯುತ್ತೆ, ಎಲ್ಲಾ. ನಂದು ಒಂಟಿ ಸೀಟಿನ ಫೈಟರ್. ಮೂಗು ಮೊಂಡು. ಕುಳ್ಳಿ ಅಂತ ಕರೀತೀನಿ.

ಒಂಬತ್ತನೇ ಕ್ಲಾಸಲ್ಲಿ ಮೇಷ್ಟ್ರ ಬೆತ್ತ ಕಿತ್ತುಕೊಂಡು ಮೊಣಕಾಲಿಗೆ ಕೊಟ್ಟು ಮುರಿದೆ. ಅಲ್ಲಿಗೆ ಶಾಲೆ ಮುಗೀತು. ಈಗ ಗ್ಯಾರೇಜಲ್ಲಿ ಟಿಂಕರಿಂಗ್, ನಜ್ಜಿದ ತಗಡು ಬಡಿದು ನೆಟ್ಟಗೆ ಮಾಡೋದು. ಇವತ್ತು ಒಬ್ಬ ಗಿರಾಕಿ, ‘ಹುಡುಗಿ ಕೈಗೆ ಸುತ್ತಿಗೆ ಕೊಟ್ಟಿದೀರಲ್ಲ’ ಅಂದ. ಮೇಸ್ತ್ರಿ ತಲೆ ಎತ್ತದೆ, ‘ದೂರ ನಿಂತ್ಕೊಳ್ಳಿ ಸಾರ್. ಕಾರಿಗೇ ಹೊಡೀತಾಳೆ ಅಂತ ಗ್ಯಾರಂಟಿ ಇಲ್ಲ’ ಅಂದ.

ಮಾರ್ಚ್ 6, ಶುಕ್ರವಾರ

ಅಕ್ಕ, ಭಾವ ಬಂದಿದ್ದಾರೆ. ನನ್ನ ರೂಮು ಅವರಿಗೆ. ನಾನು ಅಮ್ಮನ ಪಕ್ಕ ಹಾಲ್‌ನಲ್ಲಿ.

ಭಾವ ಬಾಗಿಲಲ್ಲೇ — ‘ಏನಮ್ಮಾ ಪೈಲಟ್, ಇನ್ನೂ ನೆಲದ ಮೇಲೇ ಇದೀಯಾ?’ ಕಂಪ್ಯೂಟರ್ ಕೊಟ್ಟಿದ್ದು ಅವನೇ. ಅವನ ಆಫೀಸಲ್ಲಿ ಎಸೆಯೋಕೆ ಇಟ್ಟಿದ್ದು, ಹೆಗಲ ಮೇಲೆ ಹೊತ್ತು ತಂದ. ಅಪ್ಪ ಸತ್ತ ಮೇಲೆ ಈ ಮನೇಲಿ ನನ್ನನ್ನ ಯಾರಾದರೂ ಏನು ಮಾಡ್ತಿದೀಯ ಅಂತ ಕೇಳಿದ್ದರೆ ಅವನೊಬ್ಬನೇ.

ಊಟ ಆದಮೇಲೆ ಆಡಿದ್ವಿ. ಅವನು ಅವನ ಲ್ಯಾಪ್‌ಟಾಪಲ್ಲಿ, ನಾನು ಕುಳ್ಳೀಲಿ. ಮೂರು ಸಲ ಬೀಳಿಸಿದೆ. ಮೊದಲ ಸಲ ಬಾಲ ಹಾರಿಸಿದೆ, ಎರಡನೇ ಸಲ ಪೆಟ್ರೋಲ್ ಟ್ಯಾಂಕ್, ಮೂರನೇದು ನೇರ ಕಾಕ್‌ಪಿಟ್‌ಗೆ. ಅಕ್ಕ ಕೈತಟ್ಟಿ ನಕ್ಕಳು. ‘ರೀ, ಹಾರೋಕೆ ಮುಂಚೇನೇ ಬಿದ್ರಲ್ರೀ!’ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲ ಆಗಿತ್ತೋ. ಭಾವನೂ ನಕ್ಕ. ಏಳುವಾಗ ಅವನ ಕೈಲಿದ್ದ ನನ್ನ ಜಾಯ್‌ಸ್ಟಿಕ್, ವಿಮಾನ ಓಡಿಸೋ ಕೋಲು, ಲಟ್ ಅಂತು. ಬುಡದಲ್ಲೇ ಮುರಿದಿತ್ತು. ‘ಹಳೇದು, ಬಿಡು. ಹೊಸದು ತರ್ತೀನಿ’ ಅಂದ.

ಮಾರ್ಚ್ 7

ಕುಳ್ಳಿಗೆ ಗುಂಡು ಬಿದ್ದ ಸದ್ದು ಸರಿ ಬರ್ತಿಲ್ಲ. ಗ್ಯಾರೇಜಲ್ಲಿ ಬಾನೆಟ್ ಬಡಿದು ರೆಕಾರ್ಡ್ ಮಾಡಿದ್ದು ಡಬ್ಬ ಬಡಿದ ಹಾಗಿದೆ. ತಾತ ಬರೆದಿದ್ದ — ಪೈಲಟ್ ಒಳಗೆ ಮುಚ್ಚಿಕೊಂಡು ಕೂತಿರ್ತಾನೆ, ಅವನಿಗೆ ಠಣ್ ಅಂತ ಕೇಳಲ್ಲ, ಸೀಟಿನ ಹಿಂದಿನ ದಪ್ಪ ತಗಡಿಗೆ ಏಟು ಬಿದ್ದರೆ ಬೆನ್ನಿಗೆ ಗೊತ್ತಾಗುತ್ತೆ ಅಂತ.

ಬೀರು! ರೂಮಿನ ಕಬ್ಬಿಣದ ಬೀರು. ಒಳಗೆ ಬಟ್ಟೆಗಳ ಮಧ್ಯ ಹಳೇ ಫೋನ್ ನೇತುಹಾಕಿದೆ, ರೆಕಾರ್ಡಿಂಗ್ ಒತ್ತಿ ಬಾಗಿಲು ಮುಚ್ಚಿದೆ. ಕೊಡತಿಗೆ ಟೈರಿನ ರಬ್ಬರ್ ಸುತ್ತಿ ಹೊರಗಿಂದ ಬಾರಿಸಿದೆ. ಅಮ್ಮ ಓಡಿ ಬಂದಳು. ‘ನನ್ ಮದ್ವೆ ಬೀರು ಕಣೇ ಅದು! ನಿನ್ ತಲೆಗೆ ಹೊಡ್ಕೋ, ಅದೂ ಟೊಳ್ಳೇ!’ ಅಷ್ಟರಲ್ಲಿ ಮೇಸ್ತ್ರಿ ಫೋನು. ಲಾರಿ ಕ್ಯಾಬಿನ್ ನಜ್ಜುಗುಜ್ಜಾಗಿ ಬಂದಿದೆ, ತಕ್ಷಣ ಬಾ ಅಂತ. ಓಡಿದೆ.

ಬಂದಾಗ ಅಕ್ಕನ ಬಲಗೈಗೆ ಪ್ಲಾಸ್ಟರ್. ಬಚ್ಚಲಲ್ಲಿ ಜಾರಿದಳಂತೆ. ಭಾವನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ತುತ್ತು ಮಾಡಿ ತಿನ್ನಿಸ್ತಿದ್ದ. ‘ಎಡವಟ್ಟು ರಾಣಿ’ ಅಂತ ತಮಾಷೆ ಬೇರೆ. ಅಕ್ಕನ ಕೆಲಸ ಬಟ್ಟೆ ಫ್ಯಾಕ್ಟರೀಲಿ ಕಾಲರ್ ಹೊಲಿಯೋದು. ಬಲಗೈ ಇಲ್ಲದಿದ್ರೆ ಏನಿದೆ ಅವಳಿಗೆ.

ಫೋನ್ ಬೀರುವಲ್ಲೇ ಉಳಿದಿತ್ತು. ಚಾರ್ಜ್ ಖಾಲಿಯಾಗಿ ಸತ್ತಿತ್ತು. ಬೀರುವಿನ ಬಾಗಿಲಲ್ಲಿ ಹೊಸ ತಗ್ಗು, ಅಗಲಕ್ಕೆ. ಕೊಡತಿ ಅಷ್ಟು ಅಗಲ ತಗ್ಗಿಸುತ್ತಾ? ‘ನೀನೇ ಬಡಿದಿದ್ದು, ಇನ್ಯಾರು’ ಅಂದಳು ಅಮ್ಮ.

ಮಾರ್ಚ್ 8

ಭಾವ ಹೋದ. ಅಕ್ಕ ಕೈ ನೋವು ಇಳಿಯೋ ತನಕ ಇಲ್ಲೇ. ಇಪ್ಪತ್ತೆರಡಕ್ಕೆ ಬಂದು ಕರ್ಕೊಂಡು ಹೋಗ್ತಾನೆ.

ಬೀರು ರೆಕಾರ್ಡಿಂಗ್ ಕಂಪ್ಯೂಟರ್‌ಗೆ ಹಾಕಿದೆ. ಜೋರು ಸದ್ದು ಎಲ್ಲೆಲ್ಲಿದೆಯೋ ಸಾಫ್ಟ್‌ವೇರೇ ಹುಡುಕಿ ತುಂಡು ತುಂಡು ಕತ್ತರಿಸಿ ಕೊಡುತ್ತೆ. ಪೂರ್ತಿ ಯಾರು ಕೇಳ್ತಾರೆ? ಎರಡೆರಡು ಸೆಕೆಂಡಿನ ತುಂಡು. ಕೇಳು, ಬಿಸಾಡು, ಕೇಳು, ಬಿಸಾಡು.

ಕೊನೆಯ ಮೂರು ತುಂಡು — ಅಬ್ಬಾ. ಮೈ ಜುಮ್ ಅಂತು. ಧಡ್. ಆಮೇಲೆ ತಗಡು ಒಳಗೊಳಗೇ ನರಳುತ್ತೆ. ಕೊಡತಿ ಏಟೆಲ್ಲಾ ಒಣಕಲು, ಇದರಲ್ಲಿ ತೂಕ ಇದೆ. ಮಾಂಸ ಇದೆ ಅನ್ನಬೇಕು. ನಾನು ಯಾವಾಗ ಹೀಗೆ ಹೊಡೆದೆ? ಕೊನೇಲಿ ಏನೋ ಕಿರ್ ಅನ್ನುತ್ತೆ, ಬೀರುವಿನ ಕೀಲು ಇರಬೇಕು. ಇರಲಿ ಬಿಡು, ಚೆನ್ನಾಗಿದೆ. ಮೂರನ್ನೂ ಸೀಟಿನ ಹಿಂದಿನ ತಗಡಿಗೆ ಹಾಕಿದೆ. ಇನ್ನು ಯಾವನ ಬೆನ್ನಿಗೆ ಗುಂಡು ಬಿದ್ರೂ ಇದೇ ಸದ್ದು.

ಮಾರ್ಚ್ 13

ಕುಳ್ಳೀನ ಸೈಟಲ್ಲಿ ಬಿಟ್ಟೆ! ಎಲ್ಲರಿಗೂ. ಸಂಜೆಯೊಳಗೆ ನೂರಾರು ಜನ ಇಳಿಸಿಕೊಂಡರು. ಬಣ್ಣ ಯಾರಿಗೂ ಬೇಡ, ರಿವೆಟ್ ಯಾರಿಗೂ ಬೇಡ, ಎಲ್ಲರದ್ದೂ ಒಂದೇ ಮಾತು — ಆ ಏಟು! ಆ ಸದ್ದು! ಒಬ್ಬ ಕುರ್ಚಿಯಿಂದ ಹಾರಿಬಿದ್ದನಂತೆ.

ಸ್ಪೀಕರ್ ಜೋರಾಗಿಟ್ಟು ನಾನೇ ಹಾರಿಸಿದೆ. ಬೆನ್ನಿಗೆ ಏಟು ಬಿತ್ತು, ಧಡ್. ಅಡುಗೆಮನೇಲಿ ತಟ್ಟೆ ಬಿದ್ದ ಸದ್ದು. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ‘ಹೆಡ್‌ಫೋನ್ ಹಾಕ್ಕೊಳ್ಳೇ. ತಲೆನೋವು.’ ನೆಲದ ಮೇಲೆಲ್ಲಾ ಅನ್ನ. ‘ಎಡಗೈಲಿ ತಟ್ಟೆ ಹಿಡಿಯೋಕೂ ಬರಲ್ವಾ’ ಅಂತ ರೇಗಿಸಿದೆ.

ಮಾರ್ಚ್ 16, ಮಧ್ಯಾಹ್ನ

ರಿವೆಟ್ ತಾತ — ‘ಏಟು ಅದ್ಭುತ. ಆದರೆ ಎಂಜಿನ್ ನಿಲ್ಲಿಸಿ ಕೇಳಿದೆ. ಏಟಿನ ನಂತರ ಒಂದು ಹೆಂಗಸಿನ ದನಿ ಇದೆ. ಏನು ಭಾಷೆ? ಏನು ಹೇಳ್ತಿದ್ದಾಳೆ?’

ಮುದುಕನಿಗೆ ಕಿವೀನೂ ಹೋಯ್ತು ಅಂತ ನಕ್ಕೆ. ಹೆಡ್‌ಫೋನ್ ಹಾಕಿದೆ. ಎರಡನೇ ತುಂಡಿನ ಬಾಲ ಎಳೆದು ದನಿ ಏರಿಸಿದೆ.

ಕೀಲಲ್ಲ.

‘ಕೈಗೆ ಬೇಡ ಕಣ್ರೀ—’

ಪೂರ್ತಿ ರೆಕಾರ್ಡಿಂಗ್ ತೆಗೆದೆ. ನನ್ನ ಕೊಡತಿ. ಅಮ್ಮನ ಬೈಗುಳ. ಆಮೇಲೆ ತುಂಬಾ ಹೊತ್ತು ಏನಿಲ್ಲ. ಆಮೇಲೆ ರೂಮಿನ ಬಾಗಿಲು. ಭಾವನ ದನಿ — ಕೂಗ್ತಿಲ್ಲ, ಲೆಕ್ಕದ ಮೇಷ್ಟ್ರ ಥರ. ‘ಮೂರು ಸಲ ಬೀಳ್ಸಿದ್ಲು ಅಂತ ನಕ್ಯಲ್ಲ? ಎಣಿಸು.’ ಧಡ್. ಬೀರುವಿಗೆ ಅಕ್ಕನ ಮೈ. ‘ಒಂದು ಅನ್ನು.’ ಅಕ್ಕ ಒಂದು ಅಂತಾಳೆ. ಧಡ್. ‘ಕೈಗೆ ಬೇಡ ಕಣ್ರೀ, ಕೆಲಸಕ್ಕೆ ಹೋಗ್ಬೇಕು...’

ಎರಡಕ್ಕೂ ಮೂರಕ್ಕೂ ನಡುವೆ ಇನ್ನೊಂದು ದನಿ ಇದೆ. ಬಾಗಿಲ ಹತ್ತಿರದಿಂದ. ಮೆಲ್ಲಗೆ.

‘ಬಾಗ್ಲು ಹಾಕ್ಕೊಳ್ಳಿ ಅಳಿಯಂದ್ರೇ. ಸದ್ದು ಹೊರಗೆ ಹೋಗುತ್ತೆ.’

ಅಮ್ಮ.

ಮಾರ್ಚ್ 19

ಗ್ಯಾರೇಜಲ್ಲಿ ಒಂದು ಕಾರಿನ ಬಾಗಿಲು ನೆಟ್ಟಗೆ ಮಾಡೋಕೆ ಕೊಟ್ಟಿದ್ರು. ತೂತು ಬೀಳೋ ತನಕ ಬಡಿದೆ. ಗಾಜೂ ಹೋಯ್ತು. ಮೇಸ್ತ್ರಿ ಸುತ್ತಿಗೆ ಕಿತ್ತುಕೊಂಡ. ‘ಯಾರ ಮೇಲಿನ ಸಿಟ್ಟೋ ಅವ್ರಿಗೇ ಕೊಟ್ಟು ಬಾ ಹೋಗು. ಬಾಗ್ಲೇನ್ ಮಾಡಿತ್ತು?’

ಕುಳ್ಳಿಯನ್ನ ಸೈಟಿಂದ ತೆಗೆದೆ. ಏನು ಪ್ರಯೋಜನ? ಇಳಿಸಿಕೊಂಡವರ ಹತ್ತಿರ ಇದ್ದೇ ಇದೆ. ಯಾರ್ಯಾರೋ, ಎಲ್ಲೆಲ್ಲೋ, ಒಬ್ಬರ ಬೆನ್ನಿಗೆ ಒಬ್ಬರು ಗುಂಡು ಹೊಡೀತಿದ್ದಾರೆ. ಹೊಡೆದಾಗಲೆಲ್ಲ ಅಕ್ಕ ಬೇಡ ಅಂತಾಳೆ. ಯಾರೂ ನಿಲ್ಲಿಸಲ್ಲ. ಚೆನ್ನಾಗಿದೆ ಅಂತಾರೆ. ನಾನೂ ಅಂದೆನಲ್ಲ. ಮಾಂಸ ಇದೆ ಅಂದೆ.

ಅಮ್ಮನಿಗೆ ರೆಕಾರ್ಡಿಂಗ್ ಹಾಕಿ ಕೇಳಿಸಿದೆ. ಫೋನ್ ಕಿವಿಗೆ ಒತ್ತಿ ಹಿಡಿದೆ. ಮುಖ ತಿರುಗಿಸೋಕೆ ಬಿಡಲಿಲ್ಲ.

‘ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಕಣೇ.’

‘ಉಣ್ಣೋಕೆ ಕೈ ಬೇಕಲ್ಲಮ್ಮ.’

‘ನಿಮ್ಮಪ್ಪ ಹೊಡೀತಿರ್ಲಿಲ್ವಾ? ನಾನು ಬದುಕ್ಲಿಲ್ವಾ?’

‘ಬದುಕಿದ್ದು ನೀನಾ? ಬಾಗ್ಲು ಹಾಕೋದಷ್ಟೇ ಉಳಿದಿದೆ ನಿನ್ನಲ್ಲಿ.’

ಕಪಾಳಕ್ಕೆ ಕೊಟ್ಟಳು. ಕೊಡಲಿ. ಆಮೇಲೆ ಅವಳೇ ಮುಖ ಮುಚ್ಚಿಕೊಂಡು ಕೂತಳು. ‘ಅವಳು ಗಂಡನ್ನ ಬಿಟ್ಟು ಬಂದ್ರೆ ಜನ ಏನಂತಾರೆ, ನಿನ್ನ ಯಾರು ಮದ್ವೆ ಮಾಡ್ಕೋತಾರೆ’... ನಾನು ಎದ್ದು ಬಂದೆ.

ಅಕ್ಕ ಎಡಗೈಲಿ ಬಟ್ಟೆ ಮಡಚ್ತಿದ್ದಳು, ಹೊರಡೋಕೆ. ‘ಹೋಗ್ಬೇಡ’ ಅಂದೆ.

‘ಹೋಗದೆ? ಇಲ್ಲೂ ಬಾಗ್ಲು ಹಾಕ್ತಾರೆ, ಅಲ್ಲೂ ಹಾಕ್ತಾರೆ.’

‘ನಾನು ಅವನನ್ನ ಬೀಳಿಸಬಾರದಿತ್ತು.’

ಆಗ ತಲೆ ಎತ್ತಿದಳು. ‘ಬೀಳ್ಸಿದಾಗ ನಾನು ನಕ್ಕಿದ್ದು ನಿಜವಾದ ನಗು ಕಣೇ. ಅದನ್ನ ಮಾತ್ರ ತಪ್ಪು ಅನ್ಬೇಡ.’

ಮಾರ್ಚ್ 22, ಬೆಳಗ್ಗೆ

ಇವತ್ತು ಬರ್ತಾನೆ. ಮೂರು ಏಟಿಗೂ ಬಾಲ ಕತ್ತರಿಸದೆ ಪೂರ್ತಿ ದನಿ ಜೋಡಿಸಿದೀನಿ. ಸ್ಪೀಕರ್ ಗ್ಯಾರೇಜಿಂದ ತಂದಿದ್ದು, ಬೀದಿ ಕೊನೇ ತನಕ ಕೇಳುತ್ತೆ. ಕಿಟಕಿ ಎಲ್ಲಾ ತೆಗೆದಿಟ್ಟೆ. ಮೇಜಿನ ಕೆಳಗೆ ಡಾಲಿ. ತಗಡಿನ ಹಿಂದೆ ಆನಿಸಿ ಹಿಡಿಯೋ ಕಬ್ಬಿಣದ ಗಟ್ಟಿ, ಮುಷ್ಟಿಗೆ ಸರಿಯಾಗಿ ಕೂರುತ್ತೆ. ಹಳೇ ಫೋನ್ ಬೀರುವೊಳಗೆ. ಚಾರ್ಜ್ ಫುಲ್. ಈ ಸಲ ಮರೆತು ಬಿಟ್ಟಿದ್ದಲ್ಲ.

ಮಾರ್ಚ್ 22, ಬಾಗಿಲು ಹಾಕಿಕೊಂಡು

ಆಗಿದ್ದನ್ನ ಆಗಿದ್ದ ಹಾಗೇ ಬರೆದಿಡಬೇಕು.

ಹೊಸ ಜಾಯ್‌ಸ್ಟಿಕ್ ತಂದಿದ್ದ. ‘ತಗೋ ಪೈಲಟ್, ಮಾತಿಗೆ ತಪ್ಪೋನಲ್ಲ ನಿಮ್ಮ ಭಾವ.’ ಕುಳ್ಳೀಲಿ ಕೂರಿಸಿದೆ. ಹಿಂದೆ ಕಂಪ್ಯೂಟರೇ ಓಡಿಸೋ ವೈರಿ ವಿಮಾನ ಬಿಟ್ಟಿದ್ದೆ. ಅಕ್ಕ ಬಾಗಿಲಲ್ಲಿ, ಅಮ್ಮ ಅವಳ ಹಿಂದೆ.

ಧಡ್. ‘ಒಂದು ಅನ್ನು.’

‘ಸೌಂಡು ಚೆನ್ನಾಗಿದೆ ಕಣೇ!’ ಅಂದ. ಅಂದ! ಎಂಜಿನ್ ಗದ್ದಲದಲ್ಲಿ ಅವನ ಏಟು, ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. ಎಷ್ಟು ಹೊಡೆದಿರಬೇಕು, ಗುರುತು ಸಿಗದ ಹಾಗಾಗೋಕೆ.

ಧಡ್. ‘ಕೈಗೆ ಬೇಡ ಕಣ್ರೀ.’ ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದರು. ಅಮ್ಮನ ದನಿ ಬಂದಾಗ ಅಮ್ಮ ಓಡಿಹೋಗಿ ಮೇನ್ ಸ್ವಿಚ್ ಆರಿಸಿದಳು. ಸ್ಕ್ರೀನ್ ಕಪ್ಪಾಯ್ತು. ಆಗ ಎದ್ದ. ನನ್ನ ಜುಟ್ಟು ಹಿಡಿದು ತಲೆ ಬೀರುವಿಗೆ ಕುಟ್ಟಿದ. ಅದೇ ತಗ್ಗಿಗೆ. ಒಳಗಿಂದ ಹೇಗೆ ಕೇಳುತ್ತೋ ಮೊದಲೇ ಗೊತ್ತಿತ್ತು, ಹೊರಗಿಂದ ಹೇಗಿರುತ್ತೆ ಅಂತ ಈಗ ಗೊತ್ತಾಯ್ತು. ಬಾಯಲ್ಲಿ ರಕ್ತ. ಡಾಲಿ ಕೈಗೆ ಸಿಕ್ಕಿತು. ಅವನ ಮಣಿಕಟ್ಟಿಗೆ ಬೀಸಿದೆ. ಮೂಳೆ ಸದ್ದು ಜಾಯ್‌ಸ್ಟಿಕ್ ಮುರಿದ ಹಾಗೇ ಇತ್ತು. ‘ಒಂದು’ ಅಂದೆ.

ಇನ್ನೊಂದು ಕೈಲಿ ನನ್ನ ಕುತ್ತಿಗೆ ಹಿಸುಕಿದ. ಕಣ್ಣು ಕತ್ತಲೆ. ಡಾಲಿ ಬಿತ್ತು. ಅಲ್ಲಿಗೆ ಮುಗೀತು ಅಂದುಕೊಂಡೆ.

ಅಕ್ಕ. ಪ್ಲಾಸ್ಟರ್ ಕೈ ತಲೆ ಮೇಲೆತ್ತಿ ಅವನ ಮುಖಕ್ಕೆ ಬಿಟ್ಟಳು. ಪ್ಲಾಸ್ಟರ್ ಸೀಳಿತು. ಅವನ ಮೂಗೂ ಸೀಳಿತು. ಮತ್ತೆ ಬಿಟ್ಟಳು. ಮೂರನೇದಕ್ಕೆ ಅವನು ಬಾಗಿಲಾಚೆ ಹಾಲ್‌ನಲ್ಲಿ ಬಿದ್ದಿದ್ದ. ಅವಳು ರೂಮಿನ ಬಾಗಿಲು ಎಳೆದು ಅಗುಳಿ ಹಾಕಿದಳು.

ಪೊಲೀಸಿಗೆ ಫೋನ್ ಮಾಡಿದ್ದೂ ಅವಳೇ. ಹೆಸರು, ವಿಳಾಸ, ಎಲ್ಲಾ ನಿಧಾನಕ್ಕೆ ಹೇಳಿದಳು. ಬರ್ತೀವಿ ಅಂದಿದ್ದಾರೆ. ಅವನು ಹೊರಗೆ ಬಾಗಿಲು ಒದೀತಿದ್ದಾನೆ. ಮೇಲಿನ ಕೀಲು ಸಡಿಲ ಆಗಿದೆ. ಅಮ್ಮನೂ ಬಡೀತಿದ್ದಾಳೆ. ‘ಬಾಗ್ಲು ತೆಗೀರೇ! ಬೀದಿ ಜನ ಎಲ್ಲಾ ನಿಂತಿದ್ದಾರೆ ಕಣೇ!’

ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಾಳೆ. ಒಂದೊಂದು ಒದೆಗೂ ಅವಳ ಮೈ ಅಲುಗುತ್ತೆ. ಕೂಗಲಿಲ್ಲ. ಮೆಲ್ಲಗೆ ಅಂದಳು —

‘ಬಾಗ್ಲು ಹಾಕ್ಕೊಂಡಿದೀವಮ್ಮ. ಸದ್ದು ಹೊರಗೆ ಹೋಗಬಾರ್ದಲ್ಲ.’

ಹೊರಗೆ ಅಮ್ಮನ ಬಡಿತ ನಿಂತಿತು. ಅವನದ್ದು ನಿಂತಿಲ್ಲ. ಅಗುಳಿ ಬಾಗ್ತಿದೆ. ಅಕ್ಕ ಎದ್ದಳು, ಬಾಗಿಲಿಗೆ ಅಡ್ಡ ಇಡೋಕೆ ಬೀರುವಿಗೆ ಹೆಗಲು ಕೊಟ್ಟಳು. ‘ಬರೆದಿದ್ದು ಸಾಕು, ಬಾರೇ. ಒಂದೇ ಕೈಲಿ ತಳ್ಳೋಕಾಗಲ್ಲ, ಆ ಕಡೆಯಿಂದ ನೀನು—’