ಅಣ್ಣನ ಸೈಕಲ್ಲಿಗೆ ಅಗಲದ ಹ್ಯಾಂಡಲ್ಲು

ತಾರೀಖು ಹದಿನಾಲ್ಕು, ಭಾನುವಾರ.

ತೀರಿಹೋದ ಅಣ್ಣನ ಬೆಟ್ಟ ಹತ್ತಿಳಿಯುವ ಸೈಕಲ್ಲನ್ನು ಬಿಚ್ಚಿಸಿದ್ದು ತಪ್ಪಾಯಿತೇನೋ ಎಂದು ಬೆಳಿಗ್ಗೆಯಿಂದ ಒಂದೇ ಕೊರೆತ. ಮೂವತ್ತು ವರ್ಷ ಹಳೆಯದು. ಸೈಕಲ್ ಅಂಗಡಿ ನಡೆಸುವ ತಂಗಿ, ನಾನು ಓಡಿಸಲೆಂದು ಅದಕ್ಕೆ ಅಗಲದ ಹ್ಯಾಂಡಲ್ಲು, ದಪ್ಪ ಟೈರು, ಹೊಸ ಬ್ರೇಕು ಹಾಕಿದಳು. ಹಳೆಯ ಹ್ಯಾಂಡಲ್ಲನ್ನು ಎಸೆಯಲು ಮನಸ್ಸಾಗದೆ ದೇವರ ಗೂಡಿನ ಪಕ್ಕದಲ್ಲಿಟ್ಟಿದ್ದೇನೆ.

ಹೋದ ವಾರ ಕಾಡಿನ ಹೊಸ ಸೈಕಲ್ ದಾರಿಯಲ್ಲಿ, ಕಲ್ಲಿನ ಇಳಿಜಾರಿನಲ್ಲಿ ಬಿದ್ದೆ. ಇವತ್ತೂ ಇಳಿಯಲಾಗದಿದ್ದರೆ ಎಲ್ಲವನ್ನೂ ಮೊದಲಿನಂತೆ ಜೋಡಿಸಿ ಮೆಟ್ಟಿಲ ಕೆಳಗೆ ನಿಲ್ಲಿಸಿಬಿಡುವುದೆಂದು ತೀರ್ಮಾನಿಸಿಯೇ ಹೊರಟೆ.

ಮತ್ತೆ ಬಿದ್ದೆ. ಕೆಳಗೆ ನಿಂತು ನೋಡುತ್ತಿದ್ದ ತಂಗಿ ಓಡಿಬಂದು ಮೊದಲು ಎತ್ತಿದ್ದು ಸೈಕಲ್ಲನ್ನು!

"ಸೈಕಲ್ಲಿಗೇನೂ ಆಗಿಲ್ಲ ಬಿಡು. ನೀನ್ಯಾಕಕ್ಕಾ ಕಣ್ಣು ಮುಚ್ಚಿದ್ದು?"

"ದೇವರನ್ನ ನೆನೆಸ್ಕೊಂಡೆ ಕಣೇ."

"ನೆನೆಸ್ಕೋ, ಬೇಡ ಅಂದೋರ್ಯಾರು? ಕಣ್ಣು ಬಿಟ್ಕೊಂಡು ನೆನೆಸ್ಕೋ. ಅವನಿಗೆ ಹೇಗಿದ್ರೂ ಕೇಳಿಸುತ್ತೆ. ಕಲ್ಲು ಕಾಣಿಸ್ಬೇಕಾಗಿರೋದು ನಿನಗೆ!"

ಐವತ್ತು ವರ್ಷ ಕಣ್ಣು ಮುಚ್ಚಿಯೇ ಕೈಮುಗಿದವಳು ನಾನು. ಸೈಕಲ್ಲನ್ನು ಮತ್ತೆ ಮೇಲಕ್ಕೆ ತಳ್ಳಿಕೊಂಡು ಹೋಗಿ, ಈ ಸಲ ಸೀಟಿನಿಂದ ಎದ್ದು, ಹಿಂದಕ್ಕೆ ಬಾಗಿ, ಬಾಯಲ್ಲಿ ದೇವರ ಹೆಸರು ಹೇಳುತ್ತಲೇ ಕಣ್ಣು ಬಿಟ್ಟುಕೊಂಡು ಇಳಿದೆ. ಒಂದೊಂದು ಕಲ್ಲೂ ಕಂಡಿತು. ಸೈಕಲ್ಲು ಹಳೇ ಬಾಗಿಲಿನಂತೆ ಕಿರುಗುಟ್ಟುತ್ತ ಕೊನೆಯವರೆಗೂ ಕರೆದುಕೊಂಡು ಹೋಯಿತು. ತಂಗಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡಿದೆ.

ಸಂಜೆ ದೀಪ ಹಚ್ಚಿದಾಗಲೂ ಕಣ್ಣು ಮುಚ್ಚಲಿಲ್ಲ. ಹಳೆಯ ಹ್ಯಾಂಡಲ್ಲಿನ ರಬ್ಬರ್ ಹಿಡಿಯಲ್ಲಿ ಅಣ್ಣನ ಹೆಬ್ಬೆರಳು ಸವೆಸಿದ ಗುಳಿ ಬೆಳಕಿಗೆ ಕಂಡಿತು. ಇಷ್ಟು ದಿನ ಅಲ್ಲೇ ಇತ್ತು, ನೋಡಿರಲಿಲ್ಲ. ನನ್ನ ಹೆಬ್ಬೆರಳನ್ನು ಅದರಲ್ಲಿ ಇಟ್ಟೆ. ಸರಿಯಾಗಿ ಕೂತಿತು.

ಈ ಹಿಡಿಯನ್ನೇ ಹೊಸ ಹ್ಯಾಂಡಲ್ಲಿಗೆ ಹಾಕಲು ಬರುತ್ತದೆಯೇ ಎಂದು ನಾಳೆ ತಂಗಿಯನ್ನು ಕೇಳಬೇಕು. ಮಂಡಿ ಉರಿಯುತ್ತಿದೆ, ಬರೆಯುತ್ತಿದ್ದಂತೆಯೇ ನಿದ್ದೆಗೆ ಕಣ್ಣು ತಾನಾಗಿಯೇ ಮುಚ್ಚಿಕೊಂಡು...